ತಿರುವಿನಲ್ಲಿ ರಸ್ತೆ ಓರೆಯಾಗಿರುವುದೇಕೆ? – ಒಂದು ಅಭ್ಯಾಸ ಪಾಠ

ತರಗತಿ: ಪ್ರಥಮ ಪಿಯುಸಿ, ಭೌತವಿಜ್ಞಾನ
ಘಟಕ: ಚಲನೆಯ ನಿಯಮಗಳು
ಪೂರ್ವಜ್ಞಾನ: ನ್ಯೂಟನ್ನನ ನಿಯಮಗಳು, ಘರ್ಷಣೆ, ಬಲವನ್ನು ಎರಡು ದಿಕ್ಕಿಗೆ ಬಿಡಿಸುವುದು
ಉಪಕರಣಗಳು: ಸ್ಟೀಲ್ ಬೋಗುಣಿ, ಗೋಲಿ, ರಟ್ಟಿನ ಪಟ್ಟಿ

ಪೀಠಿಕೆ

ಕೊಹಿನೂರ, ಬಸವಕಲ್ಯಾಣ, ಹುಮನಾಬಾದ ಕಡೆಯ ವಿದ್ಯಾರ್ಥಿಗಳಿಗೆ ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿ (ರಾ.ಹೆ. 65) ಪರಿಚಿತ. “ಬಸ್ಸು ಬಲಕ್ಕೆ ತಿರುಗಿದಾಗ ನೀವು ಯಾವ ಕಡೆ ವಾಲುತ್ತೀರಿ?” ಎಂದು ಕೇಳಿರಿ. “ಎಡಕ್ಕೆ ಸರ್, ಯಾರೋ ತಳ್ಳಿದಂಗ ಆಗತದ” ಎಂಬ ಉತ್ತರ ಸಹಜ. ಪಾಠದ ಕಷ್ಟವಿರುವುದು ಇಲ್ಲಿಯೇ. ಹೊರಗೆ ತಳ್ಳುವ ಬಲವನ್ನು ರಸ್ತೆಯ ಓರೆ ತಡೆಯುತ್ತದೆ ಎಂದು ವಿದ್ಯಾರ್ಥಿ ನಂಬಿದರೆ, ಸೂತ್ರ ಬಾಯಿಪಾಠವಾದರೂ ವಿಷಯ ತಿಳಿಯದು.

ಚಟುವಟಿಕೆ

1. ರಟ್ಟಿನ ಪಟ್ಟಿಯನ್ನು ಬಳೆಯಂತೆ ಬಾಗಿಸಿ ಮೇಜಿನ ಮೇಲೆ ನಿಲ್ಲಿಸಿ, ಒಂದು ಕಡೆ ತೆರೆದಿಡಿ. ಒಳಗೆ ಉರುಳಿಸಿದ ಗೋಲಿ ತೆರಪು ಬಂದಾಗ ನೇರವಾಗಿ ಹೋಗುತ್ತದೆ. ಅದನ್ನು ಅಲ್ಲಿಯವರೆಗೆ ತಿರುಗಿಸಿದ್ದು ಗೋಡೆಯ ಒಳಮುಖ ತಳ್ಳುವಿಕೆ, ಅಂದರೆ ಕೇಂದ್ರಾಭಿಮುಖ ಬಲ.

2. ಬೋಗುಣಿಯಲ್ಲಿ ಗೋಲಿ ಹಾಕಿ ತಿರುಗಿಸಿರಿ. ಜವ ಹೆಚ್ಚಿದಂತೆ ಗೋಲಿ ಕಡಿದಾದ ಭಾಗಕ್ಕೆ ಏರುತ್ತದೆ. ಕಾರಣವನ್ನು ವಿದ್ಯಾರ್ಥಿಗಳೇ ಊಹಿಸಲಿ.

ಕಪ್ಪುಹಲಗೆ ಕೆಲಸ

ಸಮತಟ್ಟು ರಸ್ತೆಯ ಪ್ರತಿಕ್ರಿಯಾ ಬಲ ನೇರ ಮೇಲಕ್ಕಿದೆ. ವಾಹನವನ್ನು ತಿರುಗಿಸುವುದು ಟೈರಿನ ಘರ್ಷಣೆ ಮಾತ್ರ. ಹೊರ ಅಂಚನ್ನು ಎತ್ತಿದರೆ ಆ ಪ್ರತಿಕ್ರಿಯೆ ಒಳಕ್ಕೆ ವಾಲುತ್ತದೆ. ಅದರ ಮೇಲ್ಮುಖ ಭಾಗ ತೂಕವನ್ನು ಹೊರುತ್ತದೆ, ಒಳಮುಖ ಭಾಗ ವಾಹನವನ್ನು ತಿರುಗಿಸುತ್ತದೆ. ಎರಡನ್ನೂ ಭಾಗಿಸಿದರೆ (ಘರ್ಷಣೆ ಬಿಟ್ಟು):

ಓರೆಕೋನದ ಟ್ಯಾನ್ = ಜವದ ವರ್ಗ ÷ (ತ್ರಿಜ್ಯ × 9.8)

ರಾಶಿ ಬಿಟ್ಟುಹೋದುದನ್ನು ಗುರುತಿಸಲು ಹೇಳಿರಿ.

ಎರಡು ಲೆಕ್ಕಗಳು

ಅಮೆರಿಕದ ಫ್ಲಾರಿಡಾದಲ್ಲಿ 1959ರಲ್ಲಿ ಆರಂಭವಾದ ಡೇಟೋನಾ ಕಾರ್ ರೇಸ್ ಪಥದ ತಿರುವುಗಳ ಓರೆ 31 ಡಿಗ್ರಿ. ತ್ರಿಜ್ಯ 300 ಮೀಟರ್ ಎಂದಿಟ್ಟುಕೊಂಡರೆ, ಘರ್ಷಣೆಯಿಲ್ಲದೆ ತಿರುಗುವ ಜವ ಸೆಕೆಂಡಿಗೆ 42 ಮೀಟರ್, ಗಂಟೆಗೆ ಸುಮಾರು 151 ಕಿ.ಮೀ. ಕಾರುಗಳು ಇದಕ್ಕಿಂತ ಬಹಳ ವೇಗವಾಗಿ ಓಡುತ್ತವೆ. ಉಳಿದ ಬಲ ಟೈರಿನ ಘರ್ಷಣೆಯಿಂದ ಬರುತ್ತದೆ.

ನಮ್ಮ ಬಯಲು ಸೀಮೆಯ ಹೆದ್ದಾರಿಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ವಿಧಿಸಿದ ಗರಿಷ್ಠ ಓರೆ ಶೇ. 7. ಅಂದರೆ 7 ಮೀಟರ್ ಅಗಲಕ್ಕೆ 49 ಸೆಂ.ಮೀ. ಎತ್ತರ. ಅದೇ 300 ಮೀಟರ್ ತಿರುವಿನಲ್ಲಿ ಓರೆಯೊಂದೇ ಸಾಕಾಗುವುದು ಗಂಟೆಗೆ ಸುಮಾರು 52 ಕಿ.ಮೀ.ವರೆಗೆ. ವಿನ್ಯಾಸದಲ್ಲಿ ಹಿಡಿಯುವ ಘರ್ಷಣೆ 0.15 ಸೇರಿಸಿದರೆ ಸುಮಾರು 91 ಕಿ.ಮೀ.

ಚರ್ಚೆ

“ಹೆದ್ದಾರಿಗೂ 31 ಡಿಗ್ರಿ ಕೊಟ್ಟರೆ ಅಪಘಾತ ತಪ್ಪುವುದಲ್ಲವೇ?” ಎಂದು ಕೇಳಿರಿ. ರೇಸ್ ಪಥದಲ್ಲಿ ಎಲ್ಲವೂ ವೇಗದ ಕಾರುಗಳೇ. ನಮ್ಮ ರಸ್ತೆಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್, ಎತ್ತಿನ ಬಂಡಿಗಳೂ ಹೋಗುತ್ತವೆ, ಕೆಲವೊಮ್ಮೆ ನಿಲ್ಲುತ್ತವೆ. ಅಷ್ಟು ಓರೆಯಲ್ಲಿ ಎತ್ತರದ ಹೇರು ಒಳಕ್ಕೆ ಉರುಳುತ್ತದೆ. ಆದ್ದರಿಂದ ಎಂಜಿನಿಯರ್ ಓರೆಯನ್ನು ಮಿತಿಯಲ್ಲಿಟ್ಟು, ಉಳಿದದ್ದನ್ನು ಘರ್ಷಣೆಗೂ ಚಾಲಕನ ವೇಗಮಿತಿಗೂ ಬಿಡುತ್ತಾನೆ.

ಮೌಲ್ಯಮಾಪನ

1. ಜವ ಎರಡರಷ್ಟಾದರೆ ಬೇಕಾದ ಒಳಮುಖ ಬಲ ಎಷ್ಟು ಪಟ್ಟು?
2. ಮಳೆ ಬಂದಾಗ ಓರೆ, ಘರ್ಷಣೆ ಇವುಗಳಲ್ಲಿ ಯಾವುದು ಕಡಿಮೆಯಾಗುತ್ತದೆ? ಚಾಲಕ ಏನು ಮಾಡಬೇಕು?
3. ಜಾತ್ರೆಯ ಮರಣಬಾವಿಯ ಗೋಡೆ ಬಹುತೇಕ ನೆಟ್ಟಗಿದೆ. ಬೈಕನ್ನು ಒಳಕ್ಕೆ ತಳ್ಳುವುದು ಯಾವುದು, ಕೆಳಗೆ ಜಾರದಂತೆ ಹಿಡಿಯುವುದು ಯಾವುದು? ಚಿತ್ರ ಬರೆದು ಬಲಗಳನ್ನು ಗುರುತಿಸಿರಿ.