ವಿಟಮಿನ್ ಮಾತ್ರೆ: ದುಡ್ಡು ಕೊಡುವ ಮುನ್ನ ಒಂಬತ್ತು ಸೂತ್ರಗಳು

ಸುಸ್ತಾದರೆ ಬಿ-ಕಾಂಪ್ಲೆಕ್ಸ್, ಕೂದಲು ಉದುರಿದರೆ ಬಯೋಟಿನ್, ನೆಗಡಿಗೆ ಸಿ, ಮಂಡಿ ನೋವಿಗೆ ಡಿ. ಮೆಡಿಕಲ್ ಶಾಪಿನ ಮುಂದೆ ನಿಂತು ನಮಗೆ ನಾವೇ ಬರೆದುಕೊಳ್ಳುವ ಚೀಟಿ ಇದು. ಕೊರತೆ ಇದ್ದವರಿಗೆ ವಿಟಮಿನ್ ಮಾತ್ರೆ ನಿಜಕ್ಕೂ ಔಷಧ. ಇಲ್ಲದವರಿಗೆ ಬಹುಪಾಲು ಬರೀ ಖರ್ಚು, ಕೆಲವೊಮ್ಮೆ ತೊಂದರೆ ಕೂಡ. ನೀವು ಯಾವ ಸಾಲಿನವರು? ಹೀಗೆ ನೋಡಿಕೊಳ್ಳಿ.

1. ಕೊರತೆ ಯಾವುದೆಂದು ಮೊದಲು ತಿಳಿಯಿರಿ
ಸುಸ್ತಿಗೆ ನೂರು ಕಾರಣ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ನಿದ್ದೆಗೇಡು, ಇವುಗಳಲ್ಲಿ ಯಾವುದೂ ಆಗಿರಬಹುದು. ಮಾತ್ರೆ ನುಂಗುತ್ತ ತಿಂಗಳು ತಳ್ಳಿದರೆ ನಿಜವಾದ ಕಾಯಿಲೆ ಒಳಗೇ ಬೆಳೆಯುತ್ತದೆ. ವೈದ್ಯರಿಗೆ ತೋರಿಸಿ, ಅವರು ಹೇಳಿದ ರಕ್ತಪರೀಕ್ಷೆ ಮಾಡಿಸಿ, ಆಮೇಲೆ ಮಾತ್ರೆಯ ಮಾತು.

2. ಸಸ್ಯಾಹಾರಿಗಳೇ, ಬಿ12 ಮರೆಯಬೇಡಿ
ಸೊಪ್ಪು, ಬೇಳೆ, ಕಾಳು, ಹಣ್ಣು ಎಷ್ಟೇ ತಿಂದರೂ ಬಿ12 ಸಿಗುವುದಿಲ್ಲ. ಅದು ಇರುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ. ಹಾಲನ್ನೂ ಬಿಟ್ಟವರಿಗೆ ಮಾತ್ರೆ ಬೇಕೇ ಬೇಕು. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲೂ ಬಿ12 ಕುಸಿಯಬಹುದು. ಕೈಕಾಲು ಜೋಮು, ನಾಲಿಗೆ ಉರಿ, ಮರೆವು ಕಂಡರೆ ಪರೀಕ್ಷೆ ಮಾಡಿಸಿ. ಬಿ12 ಕಡಿಮೆ ಇರುವಾಗ ಫೋಲಿಕ್ ಆಮ್ಲವನ್ನಷ್ಟೇ ನುಂಗಿದರೆ ರಕ್ತಹೀನತೆ ಸರಿಹೋದಂತೆ ಕಾಣುತ್ತದೆ. ನರಗಳ ಹಾನಿ ಮಾತ್ರ ಸದ್ದಿಲ್ಲದೆ ಮುಂದುವರಿಯುತ್ತದೆ.

3. ಡಿ ವಿಟಮಿನ್: ವಾರಕ್ಕೊಂದು ಎಂದರೆ ವಾರಕ್ಕೊಂದೇ
ಬಿಸಿಲಿನ ನಾಡಿನಲ್ಲಿದ್ದರೂ ದಿನವಿಡೀ ಕಚೇರಿಯೊಳಗೆ ಕೂರುವ ನಮ್ಮಲ್ಲಿ ಡಿ ಕೊರತೆ ಸಾಮಾನ್ಯ. ಅದಕ್ಕೆ ವೈದ್ಯರು ಬರೆಯುವ 60,000 ಯೂನಿಟ್‌ನ ಗುಳಿಗೆ ಅಥವಾ ಪುಡಿ ವಾರಕ್ಕೊಮ್ಮೆ, ಕೆಲವೇ ವಾರಗಳ ಮಟ್ಟಿಗೆ. ದಿನದ ಅಗತ್ಯ 600 ಯೂನಿಟ್. ಅಂದರೆ ಒಂದು ಗುಳಿಗೆಯಲ್ಲಿ ನೂರು ದಿನದ ಪಾಲಿದೆ! ದಿನವೂ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಗೊಂದಲ, ಕೊನೆಗೆ ಮೂತ್ರಪಿಂಡಕ್ಕೆ ಪೆಟ್ಟು.

4. ಮಗು ಬೇಕೆಂದಾಗಲೇ ಫೋಲಿಕ್ ಆಮ್ಲ ಶುರುಮಾಡಿ
ಮಾತ್ರೆಯ ಪರವಾಗಿ ಇದಕ್ಕಿಂತ ಗಟ್ಟಿ ಸಾಕ್ಷ್ಯ ಸಿಗುವುದು ಕಷ್ಟ. ಮಗುವಿನ ಬೆನ್ನುಹುರಿಯ ಕೊಳವೆ ಮುಚ್ಚುವುದು ಗರ್ಭದ ಮೊದಲ ನಾಲ್ಕು ವಾರಗಳಲ್ಲಿ, ಎಷ್ಟೋ ತಾಯಂದಿರಿಗೆ ಬಸುರಾದದ್ದೇ ತಿಳಿಯುವ ಮುನ್ನ. ಹಿಂದೆ ಈ ಕೊಳವೆ ಸರಿಯಾಗಿ ಮುಚ್ಚದ ದೋಷವಿದ್ದ ಮಗು ಹೆತ್ತಿದ್ದ ತಾಯಂದಿರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1991ರಲ್ಲಿ ಬಂತು: ಫೋಲಿಕ್ ಆಮ್ಲದಿಂದ ದೋಷ ಮರುಕಳಿಸುವುದು ಶೇ 72ರಷ್ಟು ತಗ್ಗಿತ್ತು. ಸಾಮಾನ್ಯವಾಗಿ ದಿನಕ್ಕೆ 400 ಮೈಕ್ರೋಗ್ರಾಂ ಸಾಕು. ಗರ್ಭಿಣಿಯರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣ–ಫೋಲಿಕ್ ಮಾತ್ರೆಯನ್ನು ಡಬ್ಬಿಯಲ್ಲಿ ಕೂಡಿಡಬೇಡಿ, ನುಂಗಿ.

5. "ಹೆಚ್ಚಾದರೆ ಏನಾದೀತು?" ಎನ್ನಬೇಡಿ
ಬಿ, ಸಿ ಹೆಚ್ಚಾದರೆ ಬಹುಪಾಲು ಮೂತ್ರದಲ್ಲಿ ಹೋಗುತ್ತವೆ. ಎ, ಡಿ, ಇ, ಕೆ ಕೊಬ್ಬಿನಲ್ಲಿ ಕರಗುವಂಥವು, ದೇಹದಲ್ಲಿ ಉಳಿಯುತ್ತವೆ. ಫಿನ್ಲೆಂಡ್‌ನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ನಡೆದ ಪ್ರಯೋಗದಲ್ಲಿ, ಎ ವಿಟಮಿನ್‌ನ ಮೂಲರೂಪವಾದ ಬೀಟಾ ಕ್ಯಾರೋಟಿನ್ ಶ್ವಾಸಕೋಶದ ಕ್ಯಾನ್ಸರ್ ತಡೆಯುತ್ತದೆಂಬ ನಿರೀಕ್ಷೆಯಿತ್ತು. 1994ರಲ್ಲಿ ಫಲಿತಾಂಶ ಬಂದಾಗ ಅದನ್ನು ನುಂಗಿದವರಲ್ಲೇ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಿತ್ತು. ಕ್ಯಾರೆಟ್ ತಿನ್ನಲು ಹೆದರಬೇಕಿಲ್ಲ. ಮಾತ್ರೆಯ ಪ್ರಮಾಣವೇ ಬೇರೆ. ಬಸುರಿಯರಿಗೆ ಎ ವಿಟಮಿನ್ ಅತಿಯಾದರೆ ಮಗುವಿಗೆ ಅಂಗವೈಕಲ್ಯ ಬರಬಹುದು.

6. ಹೃದಯ, ಕ್ಯಾನ್ಸರ್‌ಗೆ ರಕ್ಷೆ ಎಂದು ಕೊಳ್ಳಬೇಡಿ
ಅಮೆರಿಕದಲ್ಲಿ 25,871 ಮಂದಿಯ ಮೇಲೆ ನಡೆದ 'ವೈಟಲ್' ಪ್ರಯೋಗದಲ್ಲಿ ದಿನಕ್ಕೆ 2,000 ಯೂನಿಟ್ ಡಿ ವಿಟಮಿನ್ ಕೊಟ್ಟರೂ ಹೃದಯಾಘಾತವಾಗಲಿ ಕ್ಯಾನ್ಸರ್ ಆಗಲಿ ತಗ್ಗಲಿಲ್ಲ. ಇವನ್ನು ತಡೆಯಲು ಮಲ್ಟಿವಿಟಮಿನ್ ನೆರವಾಗುತ್ತದೆ ಎನ್ನಲು ಸಾಕಷ್ಟು ಪುರಾವೆಯಿಲ್ಲ ಎಂದು ಅಲ್ಲಿನ ತಜ್ಞರ ಕಾರ್ಯಪಡೆ 2022ರಲ್ಲಿ ಹೇಳಿತು. ತುಂಬಿದ ಕೊಡಕ್ಕೆ ಇನ್ನಷ್ಟು ಸುರಿದರೆ ನೆಲವಷ್ಟೇ ಒದ್ದೆ.

7. ನೆಗಡಿಗೆ ಸಿ? ಅಷ್ಟಕ್ಕಷ್ಟೇ
ಎರಡು ನೊಬೆಲ್ ಪಡೆದ ಲೈನಸ್ ಪಾಲಿಂಗ್ 1970ರಲ್ಲಿ ಪುಸ್ತಕವನ್ನೇ ಬರೆದು ಇದನ್ನು ಪ್ರಚಾರ ಮಾಡಿದರು. ದಿನವೂ ತೆಗೆದುಕೊಳ್ಳುವ ವಯಸ್ಕರಲ್ಲಿ ನೆಗಡಿಯ ಅವಧಿ ಶೇ 8ರಷ್ಟು, ಅಂದರೆ ವಾರದಲ್ಲಿ ಅರ್ಧ ದಿನ, ಕಡಿಮೆಯಾಗುತ್ತದೆಂದು ನಂತರದ ಅಧ್ಯಯನಗಳು ಕಂಡವು. ಒಂದು ಸೀಬೆಹಣ್ಣು ತಿಂದರೆ ದಿನದ ಸಿ ಮುಗಿಯಿತು.

8. ಲೇಬಲ್ ಓದಿ, ವೈದ್ಯರಿಗೆ ಹೇಳಿ
ಡಬ್ಬಿಯ ಮೇಲೆ 'ಔಷಧ ಬಳಕೆಗಲ್ಲ' ಎಂಬ ಅರ್ಥದ ಸಾಲಿದ್ದರೆ ಅದು ಆಹಾರ ಕಾನೂನಿನಡಿ ಮಾರುವ ಸಪ್ಲಿಮೆಂಟ್. ಎರಡು ಬಗೆ ನುಂಗುತ್ತಿದ್ದರೆ ಒಂದೇ ವಿಟಮಿನ್ ಎರಡರಲ್ಲೂ ಇದೆಯೇ ನೋಡಿ. ಬಯೋಟಿನ್ ಹೆಚ್ಚಿದ್ದರೆ ಥೈರಾಯ್ಡ್ ಮತ್ತು ಹೃದಯಾಘಾತದ ರಕ್ತಪರೀಕ್ಷೆಗಳು ತಪ್ಪು ತೋರಿಸಬಹುದು. ಕೆ ವಿಟಮಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್‌ನ ಬಲ ತಗ್ಗಿಸುತ್ತದೆ. ಕಬ್ಬಿಣದ ಮಾತ್ರೆಯನ್ನು ಕಾಫಿ, ಚಹಾದ ಜೊತೆ ನುಂಗಬೇಡಿ. ನಿಂಬೆ ಪಾನಕವಾದರೆ ಒಳ್ಳೆಯದು.

9. ನಿಲ್ಲಿಸುವ ದಿನ ಗೊತ್ತುಮಾಡಿ
ಶುರುಮಾಡುವಾಗಲೇ ವೈದ್ಯರನ್ನು ಕೇಳಿ: ಎಷ್ಟು ದಿನ? ಮರುಪರೀಕ್ಷೆ ಯಾವಾಗ? ಹಾಲೂ ಮುಟ್ಟದವರಿಗೆ, ಹೊಟ್ಟೆ ಬಿ12 ಹೀರದವರಿಗೆ ಅದು ಜೀವನಪೂರ್ತಿ. ಮಿಕ್ಕವರಲ್ಲಿ ಬಹಳಷ್ಟು ಮಂದಿಗೆ ಕೆಲವು ತಿಂಗಳು. ಮಟ್ಟ ಸರಿಹೋದ ಮೇಲೆ ಡಬ್ಬಿಯ ದುಡ್ಡನ್ನು ಹಣ್ಣು, ಸೊಪ್ಪು, ಮೊಟ್ಟೆ, ಮೊಸರಿಗೆ ತಿರುಗಿಸಿ.