ಅಳಿದ ಕಡತ, ಕಡಿದ ಜಾಲಸಂಪರ್ಕ

ಪ್ರಾಚೀನ ಕಾವ್ಯದ ಸಂಪಾದಕರು ಪ್ರಕ್ಷಿಪ್ತವೆಂದು ಶಂಕಿಸಿದ ಪದ್ಯವನ್ನು ಎಸೆಯುವುದಿಲ್ಲ. ಅಡಿಟಿಪ್ಪಣಿಯಲ್ಲೋ ಅನುಬಂಧದಲ್ಲೋ ಉಳಿಸುತ್ತಾರೆ. ಮುಂದೆ ಬೇರೊಂದು ಹಸ್ತಪ್ರತಿ ದೊರೆತು ಅದು ಮೂಲದ್ದೇ ಎಂದು ತಿಳಿದರೆ ಸ್ವಸ್ಥಾನಕ್ಕೆ ತರಬಹುದು. ಗಣಕಯಂತ್ರದ ಆಂಟಿವೈರಸ್ ತಂತ್ರಾಂಶವೂ ಶಂಕಿತ ಕಡತವನ್ನು ಸಾಮಾನ್ಯವಾಗಿ ‘ಕ್ವಾರಂಟೈನ್’ ಎಂಬ ಪ್ರತ್ಯೇಕ ಸ್ಥಾನದಲ್ಲಿರಿಸುತ್ತದೆ. ಶಂಕೆಯೇ ತಪ್ಪಾದಾಗ ಏನಾಗುತ್ತದೆ?

2010ರ ಏಪ್ರಿಲ್ 21ರಂದು ಮ್ಯಾಕಫೀ ಸಂಸ್ಥೆಯು 5958ನೆಯ ಸಂಖ್ಯೆಯ ವೈರಸ್ ಲಕ್ಷಣಪಟ್ಟಿಯನ್ನು ಬಿಡುಗಡೆ ಮಾಡಿತು. ಅದು ವಿಂಡೋಸ್ ಎಕ್ಸ್‌ಪಿ ಸರ್ವೀಸ್ ಪ್ಯಾಕ್ 3ರ ‘ಎಸ್‌ವಿಸಿಹೋಸ್ಟ್’ ಎಂಬ ಮೂಲ ಕಡತವನ್ನೇ ವೈರಸ್ ಎಂದು ಬಗೆಯಿತು. ಗಣಕಕ್ಕೆ ಜಾಲವಿಳಾಸ ಪಡೆದುಕೊಡುವ ಸೇವೆ, ತಾಣದ ಹೆಸರನ್ನು ವಿಳಾಸವಾಗಿಸುವ ಸೇವೆ ಮೊದಲಾದವು ಈ ಕಡತದ ಆಶ್ರಯದಲ್ಲಿಯೇ ನಡೆಯುತ್ತವೆ. ಅದು ಹೋದೊಡನೆ ಜಾಲಸಂಪರ್ಕ ಕಡಿಯಿತು. ಅನೇಕ ಗಣಕಗಳು ಮರಳಿ ಮರಳಿ ತಾವಾಗಿಯೇ ಮರುಚಾಲನೆಗೊಂಡವು. ಸಂಸ್ಥೆಯು ಆ ಪಟ್ಟಿಯನ್ನು ಹಿಂತೆಗೆದು ಪರಿಹಾರವನ್ನು ನೀಡಿತಾದರೂ, ಪರಿಹಾರವಿದ್ದದ್ದು ಜಾಲದಲ್ಲಿ; ಗಣಕಕ್ಕೆ ಜಾಲವೇ ಇಲ್ಲ. ಆದ್ದರಿಂದ ಪ್ರತಿಯೊಂದು ಗಣಕದ ಮುಂದೆಯೂ ಒಬ್ಬರು ಕುಳಿತು ಸರಿಪಡಿಸಬೇಕಾಯಿತು.

ಇಂಥ ಸಂದರ್ಭದಲ್ಲಿ ಕ್ರಮ ಮುಖ್ಯ. ಮೊದಲು, ಗಣಕವನ್ನು ‘ಸೇಫ್ ಮೋಡ್’ನಲ್ಲಿ ತೆರೆದು, ಆಂಟಿವೈರಸ್‌ನ ದಾಖಲೆಯಲ್ಲಿ ಯಾವ ಕಡತ ಎಂದು ತೆಗೆಯಲ್ಪಟ್ಟಿತೆಂಬುದನ್ನು ನೋಡಬೇಕು. ಎರಡನೆಯದಾಗಿ, ಅದು ನಿಜವಾಗಿಯೂ ನಿರ್ದೋಷಿಯೆಂಬುದನ್ನು ತಯಾರಕರ ಪ್ರಕಟಣೆಯಿಂದ ಖಚಿತಪಡಿಸಿಕೊಳ್ಳಬೇಕು. ಮೂರನೆಯದಾಗಿ, ಸುಸ್ಥಿತಿಯ ಗಣಕದಲ್ಲಿ ತಿದ್ದಿದ ಲಕ್ಷಣಪಟ್ಟಿಯನ್ನು ಇಳಿಸಿಕೊಂಡು ಪೆನ್ ಡ್ರೈವ್ ಮೂಲಕ ತಂದು ಹಾಕಬೇಕು. ಇದಕ್ಕೆ ಮೊದಲೇ ಕಡತವನ್ನು ಮರಳಿಸಿದರೆ ಕಾವಲು ತಂತ್ರಾಂಶ ಅದನ್ನು ಮತ್ತೆ ಅಳಿಸುತ್ತದೆ. ಕೊನೆಗೆ ಕ್ವಾರಂಟೈನ್‌ನಿಂದ ಕಡತವನ್ನು ಹಿಂದಿರುಗಿಸಿ ಗಣಕವನ್ನು ಮರುಚಾಲನೆ ಮಾಡಬೇಕು.

ಕ್ವಾರಂಟೈನ್‌ನಲ್ಲಿಯೂ ಕಡತವಿಲ್ಲದಿದ್ದರೆ ಬೇರೊಂದು ಗಣಕದ ಪ್ರತಿಯೇ ಆಧಾರ. ಆದರೆ ಹಿಂದೂಪುರದ ಗಣಕದ ಕಡತ ಕಲ್ಯಾಣದುರ್ಗದ ಗಣಕಕ್ಕೆ ಒಗ್ಗಬೇಕಾದರೆ ಎರಡರಲ್ಲಿಯೂ ವಿಂಡೋಸ್‌ನ ಆವೃತ್ತಿ ಒಂದೇ ಆಗಿರಬೇಕು. ಅಪರಿಚಿತ ತಾಣಗಳಿಂದ ಇಂಥ ಕಡತವನ್ನು ಇಳಿಸಿಕೊಳ್ಳುವುದು ನಿಜವಾದ ವೈರಸ್ಸಿಗೆ ಬಾಗಿಲು ತೆರೆದಂತೆ.

ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ ಬಂದಾಗ ಗಡಿನಾಡಿನ ವಿದ್ಯಾರ್ಥಿಗೆ ಇರುವುದು ಹಲವರು ಹಂಚಿಕೊಳ್ಳುವ ಒಂದೇ ಗಣಕವಾಗಿರಬಹುದು. ಆದಕಾರಣ ಮುಖ್ಯ ಬರಹಗಳ ಪ್ರತಿಯೊಂದನ್ನು ಗಣಕದ ಹೊರಗೆ ಇರಿಸುವುದೂ, ಶಂಕಿತ ಕಡತಗಳನ್ನು ಅಳಿಸದೆ ಕ್ವಾರಂಟೈನ್‌ನಲ್ಲಿರಿಸುವಂತೆ ತಂತ್ರಾಂಶವನ್ನು ಹೊಂದಿಸುವುದೂ ಅವಶ್ಯಕ. ಹಾಗೆಂದು ಕಾವಲನ್ನೇ ತೆಗೆದುಹಾಕುವುದು ವಿವೇಕವಲ್ಲ.