ಪಿಯಾನೋದಿಂದ ತತ್ತ್ವಪೀಠಕ್ಕೆ: ಅಡೋರ್ನೋನ ಬದುಕು

ಕನ್ನಡ ವಿಮರ್ಶೆಯಲ್ಲಿ ಥಿಯೊಡೋರ್ ಅಡೋರ್ನೋನ ಹೆಸರು ಬಂದಾಗ ಸಾಮಾನ್ಯವಾಗಿ ‘ಸಂಸ್ಕೃತಿ ಉದ್ಯಮ’ ಎಂಬ ಪರಿಕಲ್ಪನೆಯೊಂದೇ ಮುಂದೆ ನಿಲ್ಲುತ್ತದೆ. ಫ್ರಾಂಕ್‌ಫರ್ಟ್ ಪಂಥದ ಚಿಂತಕ, ಕ್ಲಿಷ್ಟ ಗದ್ಯದ ಲೇಖಕ ಎಂಬಲ್ಲಿಗೆ ಪರಿಚಯ ಮುಗಿಯುತ್ತದೆ. ಆತ ಕ್ರಮವಾಗಿ ಪಿಯಾನೋ ಅಭ್ಯಾಸ ಮಾಡಿದವನು, ಸಂಗೀತ ರಚನಕಾರನಾಗಬೇಕೆಂದು ಹೊರಟವನು ಎಂಬ ಸಂಗತಿ ಅಡಿಟಿಪ್ಪಣಿಯಲ್ಲಿ ಉಳಿದುಬಿಡುತ್ತದೆ. ಆದರೆ ಅವನ ತತ್ತ್ವಶಾಸ್ತ್ರದ ಓದುವ ಕ್ರಮ ರೂಪುಗೊಂಡದ್ದೇ ಪಿಯಾನೋದ ಮುಂದೆ ಎಂಬುದನ್ನು ಗಮನಿಸದಿದ್ದರೆ ಆ ಕ್ಲಿಷ್ಟತೆಯ ಕಾರಣವೂ ತಿಳಿಯುವುದಿಲ್ಲ.

ಅಡೋರ್ನೋ ಹುಟ್ಟಿದ್ದು 1903ರ ಸೆಪ್ಟೆಂಬರ್ 11ರಂದು, ಫ್ರಾಂಕ್‌ಫರ್ಟಿನಲ್ಲಿ. ತಂದೆ ಆಸ್ಕರ್ ವೀಸೆನ್‌ಗ್ರುಂಡ್ ಯಹೂದಿ ಮೂಲದ ದ್ರಾಕ್ಷಾರಸದ ವ್ಯಾಪಾರಿ. ತಾಯಿ ಮರಿಯಾ ಕಾಲ್ವೆಲ್ಲಿ-ಅಡೋರ್ನೋ ವೃತ್ತಿಪರ ಗಾಯಕಿ. ತಾಯಿಯ ತಂಗಿ ಆಗಾಥೆ ಕೂಡ ಅದೇ ಮನೆಯಲ್ಲಿದ್ದಳು; ಸಂಗೀತದಲ್ಲಿ ಪಳಗಿದ್ದ ಆಕೆ ಬಾಲಕನಿಗೆ ಎರಡನೆಯ ತಾಯಿಯಂತಿದ್ದಳು. ಧ್ವನಿಮುದ್ರಿಕೆಗಳು ಮನೆಮನೆಗೆ ಬರುವ ಮುನ್ನ ಯುರೋಪಿನ ಮಧ್ಯಮ ವರ್ಗದ ಮನೆಗಳಿಗೆ ಸಿಂಫನಿಗಳು ಬರುತ್ತಿದ್ದುದು ಪಿಯಾನೋದ ಮೂಲಕ. ಒಂದೇ ಪಿಯಾನೋದ ಮುಂದೆ ಇಬ್ಬರು ಪಕ್ಕಪಕ್ಕದಲ್ಲಿ ಕುಳಿತು ನಾಲ್ಕು ಕೈಗಳಿಂದ ಇಡೀ ವಾದ್ಯವೃಂದದ ಕೃತಿಯನ್ನು ನುಡಿಸುತ್ತಿದ್ದರು. ಈ ಅನುಭವದ ಬಗೆಗೆ ಅಡೋರ್ನೋ 1933ರಲ್ಲಿ ಒಂದು ಪುಟ್ಟ ಪ್ರಬಂಧ ಬರೆದಿದ್ದಾನೆ. ಸ್ವರಲಿಪಿ ಓದಲು ಬರುವ ಮೊದಲೇ ನೆನಪು ಮತ್ತು ಕಿವಿಯ ಬಲದಿಂದ ಪುಟ ತಿರುವುತ್ತಿದ್ದ ಮಗುವಿನ ಚಿತ್ರ ಅಲ್ಲಿದೆ. ಕೃತಿಯನ್ನು ದೂರದಿಂದ ಆಲಿಸುವುದಲ್ಲ, ಕೈಯಿಂದ ಬಿಡಿಸಿ ಮತ್ತೆ ಕಟ್ಟುವುದು: ಅವನ ಮೊದಲ ಪಾಠ ಇದು.

ಎರಡನೆಯ ಪಾಠ ಸೀಗ್‌ಫ್ರೀಡ್ ಕ್ರಕಾವರ್‌ನಿಂದ ಬಂತು. ಅಡೋರ್ನೋಗಿಂತ ಹದಿನಾಲ್ಕು ವರ್ಷ ದೊಡ್ಡವನಾದ ಕ್ರಕಾವರ್ ಶನಿವಾರದ ಮಧ್ಯಾಹ್ನಗಳಲ್ಲಿ ಅವನೊಂದಿಗೆ ಕಾಂಟನ ‘ಶುದ್ಧ ಬುದ್ಧಿಯ ವಿಮರ್ಶೆ’ಯನ್ನು ವರ್ಷಗಟ್ಟಲೆ ಓದಿದ. ಕಾಂಟನ ಪಠ್ಯ ಸಿದ್ಧಾಂತಗಳ ಪಟ್ಟಿಯಲ್ಲ, ಬಿಡಿಸಬೇಕಾದ ಒಂದು ಸಂಕೇತಲಿಪಿ ಎಂಬುದು ಆ ಓದಿನ ತಿರುಳು. ವಾದ ಎಲ್ಲಿ ತಡವರಿಸುತ್ತದೋ ಅಲ್ಲಿಯೇ ಅದರ ಕಾಲದ ಸಂಕಟ ಅಡಗಿರುತ್ತದೆ. ಸ್ವರಲಿಪಿಯನ್ನು ಓದಬಲ್ಲ ಹುಡುಗನಿಗೆ ಈ ಕ್ರಮ ಅಪರಿಚಿತವಾಗಿರಲು ಸಾಧ್ಯವಿಲ್ಲ.

1924ರಲ್ಲಿ ಹುಸರ್ಲ್‌ನ ಕುರಿತ ಪ್ರಬಂಧಕ್ಕೆ ಡಾಕ್ಟರೇಟ್ ಪದವಿ ದೊರೆಯಿತು. ಅದೇ ವರ್ಷ ಫ್ರಾಂಕ್‌ಫರ್ಟಿನಲ್ಲಿ ಆಲ್ಬನ್ ಬೆರ್ಗ್‌ನ ‘ವೊಟ್ಸೆಕ್’ ಸಂಗೀತನಾಟಕದ ಭಾಗಗಳನ್ನು ಕೇಳಿ ಬೆರಗಾದ ಅಡೋರ್ನೋ, 1925ರಲ್ಲಿ ವಿಯೆನ್ನಾಕ್ಕೆ ಹೋಗಿ ಬೆರ್ಗ್‌ನಲ್ಲಿ ಸಂಗೀತ ರಚನೆಯನ್ನೂ ಎಡುವರ್ಡ್ ಸ್ಟಾಯರ್‌ಮನ್‌ನಲ್ಲಿ ಪಿಯಾನೋವನ್ನೂ ಅಭ್ಯಾಸ ಮಾಡಿದ. ಸ್ಟಾಯರ್‌ಮನ್ ಷೋನ್‌ಬರ್ಗ್‌ನ ಬಳಗದ ಪ್ರಮುಖ ವಾದಕ; ನುಡಿಸುವುದೆಂದರೆ ಕೃತಿಯ ಒಳರಚನೆಯನ್ನು ಕೇಳುವಂತೆ ಮಾಡುವುದು ಎಂಬ ನಿಷ್ಠೆ ಆ ಬಳಗದ್ದು. ಕಾಂಟ್ ಮತ್ತು ಬೀಥೋವನ್ ಇಬ್ಬರಲ್ಲಿ ಒಬ್ಬನನ್ನು ಒಂದು ದಿನ ಆರಿಸಿಕೊಳ್ಳಬೇಕಾದೀತು ಎಂದು ಬೆರ್ಗ್ ಶಿಷ್ಯನನ್ನು ಎಚ್ಚರಿಸಿದ್ದುಂಟು. ಹೊರನೋಟಕ್ಕೆ ಶಿಷ್ಯ ಕಾಂಟನನ್ನು ಆರಿಸಿಕೊಂಡ. ವಿಶ್ವವಿದ್ಯಾಲಯದ ಬೋಧನಾರ್ಹತೆಗಾಗಿ ಬರೆದ ಮೊದಲ ಪ್ರಬಂಧವನ್ನು ಹಿಂದೆಗೆದುಕೊಳ್ಳಬೇಕಾಯಿತಾದರೂ, ಕೀರ್ಕೆಗಾರ್ಡ್‌ನ ಕುರಿತ ಎರಡನೆಯದು ಪೌಲ್ ಟಿಲಿಕ್‌ನ ಬೆಂಬಲದಿಂದ ಅಂಗೀಕೃತವಾಗಿ 1931ರಲ್ಲಿ ಅಧ್ಯಾಪನ ಆರಂಭವಾಯಿತು. ಆ ವರ್ಷದ ಮೇ ತಿಂಗಳ ಪ್ರಾರಂಭೋಪನ್ಯಾಸದಲ್ಲಿ ಆತ ತತ್ತ್ವಶಾಸ್ತ್ರದ ಕೆಲಸವನ್ನು ವ್ಯಾಖ್ಯಾನವೆಂದು ಕರೆದ. ವಾಸ್ತವದ ಚೂರುಗಳನ್ನು ಬೇರೆ ಬೇರೆ ಬಗೆಯಲ್ಲಿ ಜೋಡಿಸುತ್ತ ಹೋಗಬೇಕು. ಒಂದು ಜೋಡಣೆಯಲ್ಲಿ ಒಗಟು ತಾನಾಗಿ ಬಿಡಿಸಿಕೊಳ್ಳುತ್ತದೆ. ವಾದಕನು ಸ್ವರಲಿಪಿಯ ಮುಂದೆ ಮಾಡುವುದೂ ಇದನ್ನೇ. ಬೀಥೋವನ್‌ನನ್ನು ಅವನು ಬಿಟ್ಟಿರಲಿಲ್ಲ.

ಎರಡೇ ವರ್ಷಗಳಲ್ಲಿ ನಾಜಿ ಆಡಳಿತ ಅವನ ಬೋಧನಾಧಿಕಾರವನ್ನು ಕಿತ್ತುಕೊಂಡಿತು. ಪಾಠ ಹೇಳುತ್ತಿದ್ದವನು 1934ರಲ್ಲಿ ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನಲ್ಲಿ ಮತ್ತೆ ವಿದ್ಯಾರ್ಥಿಯಾದ. 1938ರಲ್ಲಿ ನ್ಯೂಯಾರ್ಕ್, 1941ರಲ್ಲಿ ಲಾಸ್ ಏಂಜಲೀಸ್. ಹೋರ್ಕ್‌ಹೈಮರ್‌ನೊಂದಿಗೆ ಬರೆದ ‘ಜ್ಞಾನೋದಯದ ದ್ವಂದ್ವಾತ್ಮಕತೆ’ ಈ ವನವಾಸದ ಫಲ. ಪುಸ್ತಕರೂಪದಲ್ಲಿ ಅದು ಆಮ್‌ಸ್ಟರ್‌ಡ್ಯಾಮಿನಲ್ಲಿ ಪ್ರಕಟವಾದದ್ದು 1947ರಲ್ಲಿ.

ಅದೇ ಲಾಸ್ ಏಂಜಲೀಸಿನ ನೆರೆಹೊರೆಯಲ್ಲಿ ಇನ್ನೊಬ್ಬ ದೇಶಭ್ರಷ್ಟ ಥಾಮಸ್ ಮನ್ ‘ಡಾಕ್ಟರ್ ಫೌಸ್ಟಸ್’ ಕಾದಂಬರಿ ಬರೆಯುತ್ತಿದ್ದ. ಅದರ ನಾಯಕ ಸಂಗೀತ ರಚನಕಾರನಾದ್ದರಿಂದ ಅವನಿಗೆ ಸಂಗೀತ ಬಲ್ಲವರ ನೆರವು ಬೇಕಿತ್ತು. 1943ರ ಅಕ್ಟೋಬರಿನಲ್ಲಿ ಅಡೋರ್ನೋ ಬೀಥೋವನ್‌ನ ಕೊನೆಯ ಪಿಯಾನೋ ಸೊನಾಟಾವನ್ನು (ಕೃತಿಸಂಖ್ಯೆ 111) ಮನ್‌ಗೆ ನುಡಿಸಿ ತೋರಿಸಿದ. ಎರಡೇ ಚಲನೆಗಳಲ್ಲಿ ಮುಗಿಯುವ ಈ ಸೊನಾಟಾಕ್ಕೆ ಮೂರನೆಯದು ಏಕಿಲ್ಲ ಎಂಬ ಪ್ರಶ್ನೆ ಕಾದಂಬರಿಯ ಎಂಟನೆಯ ಅಧ್ಯಾಯದಲ್ಲಿ ಒಂದು ಉಪನ್ಯಾಸವಾಗಿ ಬರುತ್ತದೆ. ಅದರ ಹಿಂದೆ ಇರುವುದು 1937ರಲ್ಲಿ ಅಚ್ಚಾದ, ಬೀಥೋವನ್‌ನ ಅಂತಿಮ ಶೈಲಿಯ ಕುರಿತ ಅಡೋರ್ನೋನ ಪ್ರಬಂಧ. ಎರಡನೆಯ ಚಲನೆಯ ಮೂರು ಸ್ವರಗಳ ಮೂಲಘಟಕಕ್ಕೆ ಉಪನ್ಯಾಸಕಾರನು ಹಾಡಿ ತೋರಿಸುವ ಮಾತುಗಳಲ್ಲಿ ‘ವೀಸೆನ್‌ಗ್ರುಂಡ್’ ಎಂಬ ಪದವನ್ನೂ ಮನ್ ಸೇರಿಸಿದ. ಹುಲ್ಲುಗಾವಲಿನ ನೆಲ ಎಂದು ಅದರ ಅರ್ಥ. ಅಡೋರ್ನೋನ ತಂದೆಯ ಮನೆತನದ ಹೆಸರೂ ಅದೇ. ಅಮೆರಿಕದಲ್ಲಿ ಆ ಹೆಸರನ್ನು ಒಂದು ಇನಿಷಿಯಲ್ಲಿಗೆ ಇಳಿಸಿಕೊಂಡಿದ್ದವನಿಗೆ ಕಾದಂಬರಿಕಾರ ಸಲ್ಲಿಸಿದ ಕೃತಜ್ಞತೆ ಇದು.

ಆ ಪ್ರಬಂಧದ ವಾದವೇ ಮುಂದೆ ಅವನ ದರ್ಶನದ ಬೆನ್ನೆಲುಬಾಯಿತು. ಬೀಥೋವನ್‌ನ ನಡುಗಾಲದ ಕೃತಿಗಳಲ್ಲಿ ಪ್ರತಿಯೊಂದು ಬಿಡಿ ಸ್ವರವೂ ಇಡಿಯಲ್ಲಿ ಕರಗಿ ಸಾರ್ಥಕವಾಗುತ್ತದೆ. ಇದು ಹೆಗೆಲ್‌ನ ದರ್ಶನದ ನಾದರೂಪ. ಕೊನೆಗಾಲದ ಕೃತಿಗಳಲ್ಲಾದರೋ ಬಿರುಕುಗಳು ಮುಚ್ಚುವುದಿಲ್ಲ. ಹಳೆಯ ಅಲಂಕಾರಗಳು ಚೂರುಗಳಾಗಿ ಹಾಗೆಯೇ ಬಿದ್ದಿರುತ್ತವೆ. ಬಿಡಿಯು ಇಡಿಗೆ ಶರಣಾಗದಿರುವುದನ್ನೇ ಸತ್ಯದ ಗುರುತೆಂದು ಅಡೋರ್ನೋ ಬಗೆದ. 1966ರ ‘ನಿಷೇಧಾತ್ಮಕ ದ್ವಂದ್ವವಾದ’ ಕೃತಿಯಲ್ಲಿ ಪರಿಕಲ್ಪನೆಯ ಹಿಡಿತಕ್ಕೆ ಸಿಗದೆ ಉಳಿಯುವ ವಸ್ತುವಿನ ಪರವಾಗಿ ಆತ ಹೂಡುವ ವಾದಕ್ಕೆ ಈ ಆಲಿಕೆಯೇ ಮೂಲ.

ಈ ಶಿಕ್ಷಣದ ಮಿತಿಯನ್ನೂ ಹೇಳಲೇಬೇಕು. ಜಾಝ್ ಸಂಗೀತದ ಬಗೆಗೆ ಅಡೋರ್ನೋ ಬರೆದದ್ದು ಕಟುವಾಗಿದೆ, ಅನ್ಯಾಯವೂ ಆಗಿದೆ. ಬರೆದಿಟ್ಟ ಸ್ವರಲಿಪಿಯಲ್ಲಿ ಸತ್ಯವನ್ನು ಅರಸುವ ಕಿವಿಗೆ ನುಡಿಸುತ್ತಲೇ ಹುಟ್ಟುವ ಸಂಗೀತ ಬರಿಯ ಚಮತ್ಕಾರವಾಗಿ ಕೇಳಿಸಿತು. ಮನೋಧರ್ಮದ ಗಾನಕ್ಕೆ ಒಗ್ಗಿದ ನಮ್ಮ ಕೇಳುಗರಿಗೆ ಈ ಕೊರತೆ ಬೇಗ ಗೋಚರಿಸೀತು.

1949ರಲ್ಲಿ ಆತ ಫ್ರಾಂಕ್‌ಫರ್ಟಿಗೆ ಮರಳಿದ. ದೇಶಭ್ರಷ್ಟರಾಗಿದ್ದ ವಿದ್ವಾಂಸರಲ್ಲಿ ಹೀಗೆ ಮರಳಿದವರು ಕಡಿಮೆ. ಸಾಮಾಜಿಕ ಸಂಶೋಧನಾ ಸಂಸ್ಥೆ 1951ರಲ್ಲಿ ಮತ್ತೆ ಬಾಗಿಲು ತೆರೆಯಿತು. 1958ರಲ್ಲಿ ಅದರ ನಿರ್ದೇಶಕತ್ವ ಅಡೋರ್ನೋನದಾಯಿತು. ಟಿಪ್ಪಣಿಗಳನ್ನಷ್ಟೇ ಮುಂದಿಟ್ಟುಕೊಂಡು ಆತ ಮಾಡುತ್ತಿದ್ದ ಪಾಠಗಳಿಗೆ ದೊಡ್ಡ ಸಭಾಂಗಣಗಳು ತುಂಬುತ್ತಿದ್ದವು. 1966ರ ಏಪ್ರಿಲಿನಲ್ಲಿ ಬಾನುಲಿಯಲ್ಲಿ ಪ್ರಸಾರವಾದ ‘ಔಶ್‌ವಿಟ್ಸ್ ನಂತರದ ಶಿಕ್ಷಣ’ ಎಂಬ ಭಾಷಣದಲ್ಲಿ, ಅಂಥ ಘೋರ ಮರುಕಳಿಸದಂತೆ ನೋಡಿಕೊಳ್ಳುವುದೇ ಶಿಕ್ಷಣದ ಮೊದಲ ಹೊಣೆ ಎಂದು ಆತ ವಾದಿಸಿದ. ಒಂದು ಪೀಳಿಗೆ ಅವನನ್ನು ತನ್ನ ಗುರುವೆಂದು ಒಪ್ಪಿತು.

ಅದೇ ಪೀಳಿಗೆ ಅವನನ್ನು ಪರೀಕ್ಷೆಗೂ ಒಡ್ಡಿತು. 1967ರ ಜೂನ್ 2ರಂದು ಬರ್ಲಿನ್ನಿನಲ್ಲಿ ಬೆನ್ನೋ ಓನೆಜೋರ್ಗ್ ಎಂಬ ವಿದ್ಯಾರ್ಥಿ ಪೊಲೀಸನ ಗುಂಡಿಗೆ ಬಲಿಯಾದ ಮೇಲೆ ಚಳವಳಿ ಉಗ್ರವಾಯಿತು. ಮುಂದಿನ ತಿಂಗಳು ಅಡೋರ್ನೋ ಅದೇ ನಗರದಲ್ಲಿ ಗೋಯಥೆಯ ‘ಇಫಿಗೇನಿಯಾ’ ನಾಟಕದ ಕುರಿತು ಉಪನ್ಯಾಸ ಕೊಡಲು ಹೋದಾಗ ವಿದ್ಯಾರ್ಥಿಗಳು ಪ್ರತಿಭಟಿಸಿದರು. ನಾಟಕದ ವ್ಯಾಖ್ಯಾನವನ್ನು ಬಿಟ್ಟು ಬೀದಿಯ ಮಾತಾಡಲು ಆತ ಒಪ್ಪಲಿಲ್ಲ. 1969ರ ಜನವರಿ 31ರಂದು ವಿದ್ಯಾರ್ಥಿಗಳ ಗುಂಪೊಂದು ಸಂಸ್ಥೆಯ ಕಟ್ಟಡವನ್ನು ಹೊಕ್ಕಿತು. ನಿರ್ದೇಶಕರು ಪೊಲೀಸರನ್ನು ಕರೆಸಿದರು. ಬಂಧಿತರಲ್ಲಿ ಹಾನ್ಸ್-ಯುರ್ಗೆನ್ ಕ್ರಾಲ್ ಇದ್ದ: ಅಡೋರ್ನೋನ ಬಳಿಯೇ ಡಾಕ್ಟರೇಟ್ ಅಧ್ಯಯನ ಮಾಡುತ್ತಿದ್ದ ಮೇಧಾವಿ. ಹಳೆಯ ಮಿತ್ರ ಹರ್ಬರ್ಟ್ ಮಾರ್ಕ್ಯೂಸೆ ಕೂಡ ಪೊಲೀಸರನ್ನು ಕರೆಸಿದ್ದು ತಪ್ಪೆಂದು ಪತ್ರ ಬರೆದ. ಏಪ್ರಿಲ್ 22ರಂದು ತರಗತಿಯಲ್ಲಿ ವಿದ್ಯಾರ್ಥಿಗಳು ಮಾಡಿದ ಗದ್ದಲ ಮತ್ತು ಅವಹೇಳನದ ನಡುವೆ ಅಧ್ಯಾಪಕ ಹೊರನಡೆಯಬೇಕಾಯಿತು.

ಈ ಪ್ರಸಂಗದಲ್ಲಿ ಅಡೋರ್ನೋನನ್ನು ಹೇಡಿಯೆನ್ನುವುದು ಸುಲಭ, ಹುತಾತ್ಮನೆನ್ನುವುದೂ ಸುಲಭ. ಪೊಲೀಸರನ್ನು ಕರೆಸಿದ ನಿರ್ಧಾರವನ್ನು ಸಮರ್ಥಿಸುವುದು ಮಾತ್ರ ಕಷ್ಟ. ಆದರೆ ಕ್ರಿಯೆಯ ಹೆಸರಿನಲ್ಲಿ ಚಿಂತನೆಗೆ ಗಡುವು ಹಾಕುವುದನ್ನು ಆತ ಒಪ್ಪದೆ ಹೋದದ್ದು ಆ ವರ್ಷದ ಭಯದಿಂದ ಹುಟ್ಟಿದ ನಿಲುವಲ್ಲ. ಸ್ಟಾಯರ್‌ಮನ್‌ನ ಶಿಷ್ಯನಿಗೆ ಕೃತಿಯನ್ನು ಅರ್ಧಕ್ಕೆ ಬಿಟ್ಟು ಚಪ್ಪಾಳೆಯ ಕಡೆಗೆ ತಿರುಗುವುದು ಅಭ್ಯಾಸವಿರಲಿಲ್ಲ.

ಬೇಸಿಗೆಯ ವಿರಾಮಕ್ಕೆಂದು ಆತ ಪತ್ನಿ ಗ್ರೇಟೆಲ್‌ಳೊಂದಿಗೆ ಸ್ವಿಟ್ಜರ್ಲೆಂಡಿಗೆ ಹೋದ. 1969ರ ಆಗಸ್ಟ್ 6ರಂದು ಫಿಸ್ಪ್ ಎಂಬ ಊರಿನ ಆಸ್ಪತ್ರೆಯಲ್ಲಿ ಹೃದಯಾಘಾತದಿಂದ ತೀರಿಕೊಂಡ. ‘ಸೌಂದರ್ಯ ಸಿದ್ಧಾಂತ’ ಅಪೂರ್ಣವಾಗಿ ಉಳಿದು 1970ರಲ್ಲಿ ಪ್ರಕಟವಾಯಿತು. ಬೀಥೋವನ್‌ನ ಕುರಿತು ಮೂವತ್ತರ ದಶಕದಿಂದ ಬರೆದಿಟ್ಟ ಟಿಪ್ಪಣಿಗಳು ಮಾತ್ರ ಪುಸ್ತಕವಾಗಲೇ ಇಲ್ಲ. ರೋಲ್ಫ್ ಟೀಡೆಮನ್ ಅವುಗಳನ್ನು ಜೋಡಿಸಿ 1993ರಲ್ಲಿ ಚೂರುಗಳಾಗಿಯೇ ಅಚ್ಚು ಹಾಕಿಸಿದ.